ತಟ್ಟೆಗಳ ಜೀರ್ಣೋದ್ಧಾರ

ಅಲಂಕಾರದ ತಟ್ಟೆ ಎಂದರೆ ಊಟಕ್ಕೆ ಒದಗದ, ಎಸೆಯಲು ಮನಸ್ಸು ಬಾರದ, ಆದರೂ ಮನೆಯಲ್ಲಿ ಇದ್ದೇ ಇರುವ ತಟ್ಟೆ ಎಂದು ಸ್ಥೂಲವಾಗಿ ಹೇಳಬಹುದು. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯಿಂದ ಬಂದು ಮನೆ ಕಟ್ಟಿಕೊಂಡವರೂ ಭದ್ರಾವತಿಯಲ್ಲಿ ದುಡಿದು ನಿವೃತ್ತರಾದವರೂ ಅಕ್ಕಪಕ್ಕದಲ್ಲಿ ವಾಸಿಸುವ ಶಿವಮೊಗ್ಗದ ಗೋಪಾಳದಂಥ ಬಡಾವಣೆಯಲ್ಲಿ ಈ ಜಾತಿಯ ತಟ್ಟೆಗಳ ಸಂಖ್ಯೆ ಮನೆಯ ಸದಸ್ಯರ ಸಂಖ್ಯೆಗಿಂತ ಹೆಚ್ಚಿರುವುದು ಸಾಮಾನ್ಯವಾದ್ದರಿಂದ, ಹೊಸದನ್ನು ಕೊಳ್ಳದೆ ಅವುಗಳನ್ನೇ ಹೊಸದಾಗಿ ಕಾಣುವಂತೆ ಮಾಡುವ ಕಲೆಯೂ ಅಲ್ಲಿ ತಕ್ಕಮಟ್ಟಿಗೆ ಬೆಳೆದಿದೆ. ಈ ಕಲೆಗೆ ಜೀರ್ಣೋದ್ಧಾರ ಎಂಬ ಹೆಸರೇ ಒಪ್ಪುತ್ತದೆ. ಏಕೆಂದರೆ ದೇವಸ್ಥಾನದ ಜೀರ್ಣೋದ್ಧಾರದಂತೆ ಇದೂ ಸುಣ್ಣ ಬಳಿಯುವ ಸಂಕಲ್ಪದಿಂದ ಆರಂಭವಾಗಿ, ಅಂದಾಜು ಪಟ್ಟಿಯನ್ನು ಮೀರಿ, ಕೊನೆಗೆ ಯಾರ ಹೆಸರನ್ನು ಎಲ್ಲಿ ಕೆತ್ತಿಸಬೇಕು ಎಂಬ ಪ್ರಶ್ನೆಗೆ ಬಂದು ನಿಲ್ಲುತ್ತದೆ.

ಶಾಸ್ತ್ರೀಯವಾಗಿ ನೋಡಿದರೆ ಇಂಥ ತಟ್ಟೆಗಳಲ್ಲಿ ನಾಲ್ಕು ವರ್ಗಗಳನ್ನು ಗುರುತಿಸಬಹುದು. ಮೊದಲನೆಯದು ಅಜ್ಜಿಯ ಕಾಲದ ಹಿತ್ತಾಳೆಯ ಹರಿವಾಣ, ಅಂದರೆ ಅಂಚು ಎತ್ತರವಾಗಿರುವ ಅಗಲವಾದ ತಟ್ಟೆ. ಎರಡನೆಯದು ಸನ್ಮಾನದಲ್ಲೋ ನಿವೃತ್ತಿಯ ದಿನದಲ್ಲೋ ಶಾಲು, ಹಾರಗಳ ಜೊತೆಗೆ ಬಂದ ಬಿದರಿ ತಟ್ಟೆ. ಮೂರನೆಯದು ಸೀಮಂತಕ್ಕೋ ಮದುವೆಗೋ ಬಣ್ಣದ ಸಾಬಕ್ಕಿ, ಕನ್ನಡಿಯ ಚೂರು, ಜರಿಯ ಅಂಚು ಅಂಟಿಸಿ ಸಿಂಗರಿಸಿದ ಆರತಿ ತಟ್ಟೆ. ನಾಲ್ಕನೆಯದು, ಸಂಖ್ಯಾಬಲದಲ್ಲಿ ಉಳಿದ ಮೂರನ್ನೂ ಸೋಲಿಸುವಂಥದು, ಅಂಚಿನಲ್ಲಿ ಕೊಟ್ಟವರ ಹೆಸರು ಕೊರೆದಿರುವ ಸ್ಟೀಲ್ ತಟ್ಟೆ. ಇದು ಹುಟ್ಟಿದ್ದು ಊಟಕ್ಕಾಗಿಯೇ. ಆದರೆ ಒಂದೇ ಮದುವೆಯಲ್ಲಿ ಒಂದೇ ಅಳತೆಯ ಡಜನ್‌ಗಟ್ಟಲೆ ತಟ್ಟೆಗಳು ಬಂದು, ಮೇಲಿನ ನಾಲ್ಕು ಮಾತ್ರ ಅಡುಗೆಮನೆ ಸೇರಿ, ಉಳಿದವು ಅಟ್ಟ ಸೇರಿದ್ದರಿಂದ ಕಾಲಕ್ರಮದಲ್ಲಿ ಅಲಂಕಾರದ ಪದವಿಗೆ ಏರಿತು.

ಈ ನಾಲ್ಕನೆಯ ವರ್ಗವನ್ನು ಅರಿಯಬೇಕಾದರೆ ಮುಯ್ಯಿ ಎಂಬ ಪದ್ಧತಿಯನ್ನು ಅರಿಯಬೇಕು. ಶುಭಕಾರ್ಯಗಳಲ್ಲಿ ಬಂಧುಮಿತ್ರರು ಕೊಡುವ, ಮುಂದೆ ಅವರ ಮನೆಯ ಕಾರ್ಯದಲ್ಲಿ ಅಷ್ಟೇ ಮೌಲ್ಯದಲ್ಲಿ ಹಿಂದಿರುಗಿಸಬೇಕಾದ ಉಡುಗೊರೆಗೆ ಮುಯ್ಯಿ ಎನ್ನುತ್ತಾರೆ. ಮದುವೆಯ ಚಪ್ಪರದ ಮೂಲೆಯಲ್ಲಿ ಅಕ್ಷರ ದುಂಡಗಿರುವ ಒಬ್ಬರು ನೋಟ್‌ಬುಕ್ಕು ಹಿಡಿದು ಕುಳಿತು, ಯಾರು ಏನು ಕೊಟ್ಟರು ಎಂಬುದನ್ನು ಬ್ಯಾಂಕಿನವರೂ ನಾಚುವಷ್ಟು ನಿಷ್ಠೆಯಿಂದ ಬರೆದುಕೊಳ್ಳುತ್ತಿದ್ದುದೂ ಇದಕ್ಕಾಗಿಯೇ. ಪುಸ್ತಕ ಕಳೆದುಹೋದೀತೆಂಬ ಮುಂಜಾಗ್ರತೆಯಿಂದಲೋ ಏನೋ, ಕೊಡುವವರು ಪಾತ್ರೆ ಅಂಗಡಿಯಲ್ಲಿಯೇ ತಮ್ಮ ಹೆಸರನ್ನು ತಟ್ಟೆಯ ಮೇಲೆ ಕೊರೆಸುತ್ತಿದ್ದರು. ಮೊದಲು ಸಣ್ಣ ಉಳಿಯಿಂದ ಚುಕ್ಕೆ ಚುಕ್ಕೆಯಾಗಿ ಬಡಿದು, ಆಮೇಲೆ ಗುಂಯ್‌ಗುಡುವ ಕರೆಂಟಿನ ಯಂತ್ರದಿಂದ ಗೀಚಿ ಮೂಡಿಸಿದ ಆ ಅಕ್ಷರಗಳಲ್ಲಿ ಇನಿಷಿಯಲ್ಲು, ಊರು, ತಾರೀಖು ಎಲ್ಲವೂ ಇರುತ್ತಿದ್ದವು. ಒತ್ತಕ್ಷರ ಮಾತ್ರ ಜಾಗ ಸಾಲದೆ ತಟ್ಟೆಯ ಅಂಚಿನಿಂದ ಕೆಳಗಿಳಿದು ಪಲ್ಯ ಬಡಿಸುವ ಜಾಗಕ್ಕೆ ಬಂದಿರುತ್ತಿತ್ತು. ಈಚೆಗೆ ಆಮಂತ್ರಣ ಪತ್ರಿಕೆಗಳಲ್ಲಿ ಆಶೀರ್ವಾದವೇ ಉಡುಗೊರೆ ಎಂದು ಅಚ್ಚು ಹಾಕಿಸುವ ರೂಢಿ ಬಂದಮೇಲೆ ಹೊಸ ತಟ್ಟೆಗಳ ಒಳಹರಿವು ಇಳಿದಿದೆ, ಹಳೆಯವು ಚಾರಿತ್ರಿಕ ದಾಖಲೆಗಳಾಗಿವೆ.

ತಟ್ಟೆಯನ್ನು ಊಟದಿಂದ ಬಿಡಿಸಿ ಗೋಡೆಗೇರಿಸುವುದು ಗೋಪಾಳದವರ ಆವಿಷ್ಕಾರವೇನಲ್ಲ. ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದ ಬಿಂಗ್ ಆ್ಯಂಡ್ ಗ್ರೊಂಡಾಲ್ ಎಂಬ ಪಿಂಗಾಣಿ ತಯಾರಕರು 1895ರಿಂದ ಪ್ರತಿವರ್ಷವೂ ಕ್ರಿಸ್‌ಮಸ್ಸಿಗೆಂದು ನೀಲಿ ಚಿತ್ರದ ಒಂದೊಂದು ತಟ್ಟೆಯನ್ನು ಹೊರತಂದು, ಆ ವರ್ಷದ ಅಚ್ಚನ್ನು ಒಡೆದುಹಾಕುವ ಪದ್ಧತಿ ಇಟ್ಟುಕೊಂಡರು. ಅಚ್ಚು ಒಡೆದರೆ ತಟ್ಟೆ ಅಪರೂಪವಾಗುತ್ತದೆ, ಅಪರೂಪವಾದರೆ ಬೆಲೆ ಏರುತ್ತದೆ ಎಂಬುದು ಅಲ್ಲಿನ ಅರ್ಥಶಾಸ್ತ್ರ. ಮುಯ್ಯಿಯ ತಟ್ಟೆಗೆ ಅಚ್ಚು ಒಡೆಯುವ ಅಗತ್ಯವೇ ಇಲ್ಲ. ಕೊರೆದ ಹೆಸರೊಂದರಿಂದಲೇ ಅದು ಜಗತ್ತಿನಲ್ಲಿ ಒಂದೇ ಒಂದಾಗುತ್ತದೆ. ಬೆಲೆ ಏರುವುದಿಲ್ಲ ಎಂಬುದಷ್ಟೇ ವ್ಯತ್ಯಾಸ.

ಜೀರ್ಣೋದ್ಧಾರದ ವಿಧಿಗಳು ಲೋಹದಿಂದ ಲೋಹಕ್ಕೆ ಬೇರೆಯಾಗುತ್ತವೆ. ತಾಮ್ರ ಮತ್ತು ಸತುವಿನ ಮಿಶ್ರಣವಾದ ಹಿತ್ತಾಳೆಗೆ ಹುಣಸೆಹಣ್ಣೇ ಸಾಕು. ಅದರ ಹುಳಿ ಲೋಹದ ಮೇಲೆ ಕಟ್ಟಿದ ಕಪ್ಪು ಪೊರೆಯನ್ನು ಕರಗಿಸುವುದರಿಂದ, ಅರ್ಧ ಗಂಟೆಯ ಉಜ್ಜುವಿಕೆಯಲ್ಲಿ ಹರಿವಾಣವು ಅಜ್ಜಿಯ ಮದುವೆಯ ಕಾಲಕ್ಕೆ ಹಿಂದಿರುಗುತ್ತದೆ, ಉಜ್ಜಿದವರು ಅಜ್ಜಿಯ ಈಗಿನ ವಯಸ್ಸಿಗೆ ಮುಂದುವರಿಯುತ್ತಾರೆ. ಆ ತಟ್ಟೆಯಲ್ಲಿ ಮತ್ತೆ ಹುಳಿ ಪದಾರ್ಥ ಇಡಬೇಕೆಂದರೆ ಮಾತ್ರ ಕಲಾಯಿ ಹಾಕಿಸಬೇಕು. ಇಲ್ಲವಾದರೆ ಹಸಿರು ಕಿಲುಬು ಕಟ್ಟುತ್ತದೆ. ಕಲಾಯಿ ಎಂದರೆ ಪಾತ್ರೆಯನ್ನು ಕಾಯಿಸಿ, ನವಸಾಗರದ ಪುಡಿ ಎರಚಿ, 232 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುವ ತವರವನ್ನು ಹತ್ತಿಯಿಂದ ಒಳಮೈಗೆಲ್ಲ ತೆಳ್ಳಗೆ ಸವರುವ ಕೆಲಸ. ಹಿಂದೆ ತಿದಿಯ ಸಮೇತ ಬೀದಿಗೆ ಬಂದು ಕೂಗುತ್ತಿದ್ದ ಕಲಾಯಿಯವರು ಅಪರೂಪವಾಗಿರುವುದರಿಂದ, ಈಗ ಅವರನ್ನು ಹುಡುಕಿಕೊಂಡು ಹೋಗುವ ಆಟೋ ಬಾಡಿಗೆಯನ್ನೂ ಮಿತವ್ಯಯದ ಲೆಕ್ಕಕ್ಕೇ ಸೇರಿಸಬೇಕಾಗುತ್ತದೆ.

ಹಿತ್ತಾಳೆಯಲ್ಲಿ ದೊರೆತ ಯಶಸ್ಸೇ ಬಿದರಿಗೆ ಮೃತ್ಯುವಾಗುವುದುಂಟು. ಬೀದರಿನ ಈ ಕಲೆಯಲ್ಲಿ ಹೆಚ್ಚು ಪಾಲು ಸತುವಿಗೆ ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ದು, ಮೈಮೇಲೆ ಕೆತ್ತಿದ ಗೆರೆಗಳಲ್ಲಿ ಬೆಳ್ಳಿಯನ್ನು ಬಡಿದು ಕೂರಿಸಿ, ಕೊನೆಗೆ ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರ ಬೆರೆಸಿದ ಬಿಸಿ ದ್ರಾವಣದಲ್ಲಿ ಅದ್ದುತ್ತಾರೆ. ಆಗ ಉಳಿದ ಲೋಹವೆಲ್ಲ ಕಾಡಿಗೆಗಪ್ಪಾಗಿ ಬೆಳ್ಳಿ ಮಾತ್ರ ಬೆಳ್ಳಗೆ ಉಳಿಯುತ್ತದೆ. ಕಲಾಯಿಯವರ ಕೈಯಲ್ಲಿ ಪಾತ್ರೆಯನ್ನು ಬೆಳ್ಳಗಾಗಿಸಲು ನೆರವಾಗುವ ನವಸಾಗರವೇ ಬೀದರಿನಲ್ಲಿ ಕಪ್ಪಾಗಿಸಲು ನೆರವಾಗುತ್ತದೆ ಎಂಬ ರಾಸಾಯನಿಕ ಸತ್ಯವನ್ನು ಅರಿಯದ ಯಾವನಾದರೂ ಉತ್ಸಾಹಿ ಗೃಹಸ್ಥ, ನಿವೃತ್ತಿಯ ಬಿಡುವಿನಲ್ಲಿ ಹುಣಸೆಹಣ್ಣು ಹಿಡಿದು ಬಿದರಿ ತಟ್ಟೆಯ ಕಪ್ಪನ್ನು ಕೊಳೆಯೆಂದು ಭಾವಿಸಿ ಉಜ್ಜತೊಡಗಿದರೆ, ಶತಮಾನಗಳ ಕುಶಲತೆ ಒಂದು ಭಾನುವಾರದಲ್ಲಿ ಬೂದುಬಣ್ಣಕ್ಕೆ ತಿರುಗುತ್ತದೆ. ಬಿದರಿಗೆ ಬೇಕಾದುದು ಒಣಬಟ್ಟೆ, ನಾಲ್ಕು ಹನಿ ಕೊಬ್ಬರಿ ಎಣ್ಣೆ ಮತ್ತು ಗೃಹಸ್ಥನ ನಿರುತ್ಸಾಹ.

ಆರತಿ ತಟ್ಟೆಯ ಸಮಸ್ಯೆ ಲೋಹದ್ದಲ್ಲ, ಇರುವೆಯದು. ಸಾಬಕ್ಕಿಯ ಬಣ್ಣದ ಪಕಳೆಗಳನ್ನು ಕಳಚಿ, ಅಂಟನ್ನು ಬಿಸಿನೀರಿನಲ್ಲಿ ನೆನೆಸಿ ತೆಗೆದು, ಮುಂದಿನ ಕಾರ್ಯಕ್ಕೆ ಹೊಸ ವಿನ್ಯಾಸ ಕೂರಿಸುವುದು ನಿಜಕ್ಕೂ ಖರ್ಚಿಲ್ಲದ ಮಾರ್ಗ. ಆದರೆ ಆಷಾಢದ ಥಂಡಿಯಲ್ಲಿ ಪಕಳೆಗಳನ್ನು ಡಬ್ಬಿಯಲ್ಲಿಟ್ಟು ಮರೆತವರ ಮನೆಯಲ್ಲಿ ಶ್ರಾವಣದ ಹೊತ್ತಿಗೆ ಡಬ್ಬಿ ಮಾತ್ರ ಇರುತ್ತದೆ.

ಅತ್ಯಂತ ಕ್ಲಿಷ್ಟವಾದುದು ಸ್ಟೀಲ್ ತಟ್ಟೆಯ ಪ್ರಕರಣ. 1913ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್ ನಗರದಲ್ಲಿ ಹ್ಯಾರಿ ಬ್ರೇರ್ಲಿ ರೂಪಿಸಿದ ತುಕ್ಕು ಹಿಡಿಯದ ಉಕ್ಕಿನ ವಂಶಕ್ಕೆ ಸೇರಿದ ಈ ಲೋಹದಲ್ಲಿ ಕನಿಷ್ಠ ಶೇಕಡ 10.5ರಷ್ಟು ಕ್ರೋಮಿಯಂ ಇದ್ದು, ಅದು ಗಾಳಿಯ ಆಮ್ಲಜನಕದೊಡನೆ ಸೇರಿ ಕಣ್ಣಿಗೆ ಕಾಣದ ಪೊರೆಯೊಂದನ್ನು ಕಟ್ಟಿಕೊಳ್ಳುತ್ತದೆ. ತುಕ್ಕನ್ನು ಹತ್ತಿರ ಸೇರಿಸದ ಆ ನುಣುಪು ಮೈ ಬಣ್ಣವನ್ನೂ ಹತ್ತಿರ ಸೇರಿಸುವುದಿಲ್ಲ. ಆದ್ದರಿಂದ ಮೊದಲು ಸ್ಯಾಂಡ್ ಪೇಪರಿನಿಂದ ಉಜ್ಜಿ ಮೈಯನ್ನು ಒರಟಾಗಿಸಬೇಕು, ಮೇಲೆ ಪ್ರೈಮರ್, ಅಂದರೆ ಲೋಹಕ್ಕೂ ಬಣ್ಣಕ್ಕೂ ರಾಜಿ ಮಾಡಿಸುವ ಮೊದಲ ಲೇಪ, ಬಳಿಯಬೇಕು, ಆಮೇಲೆ ಬಣ್ಣ, ಕೊನೆಗೆ ವಾರ್ನಿಷ್. 1923ರಲ್ಲಿ ಉತ್ಪಾದನೆ ಆರಂಭಿಸಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯೊಡನೆ ಅಪ್ಪನಿಂದಲೋ ಮಾವನಿಂದಲೋ ನಂಟಿರುವ ಮನೆಗಳಲ್ಲಿ ಪ್ರತಿ ಹಂತಕ್ಕೂ ತಜ್ಞರ ಅಭಿಪ್ರಾಯ ಪುಕ್ಕಟೆಯಾಗಿ ಸಿಗುವುದರಿಂದ ಕೆಲಸ ಇನ್ನಷ್ಟು ನಿಧಾನವಾಗುತ್ತದೆ. ಬಣ್ಣ, ಪ್ರೈಮರ್, ಬ್ರಷ್ಷು, ವಾರ್ನಿಷ್‌ಗಳಿಗಾಗಿ ಪೇಟೆಗೆ ಹೋಗಿಬಂದ ಖರ್ಚನ್ನು ಕೂಡಿದರೆ ಅದೇ ಹಣದಲ್ಲಿ ಗಾಂಧಿ ಬಜಾರಿನಲ್ಲಿ ಹೊಸ ತಟ್ಟೆಗಳು ಬರುತ್ತಿದ್ದವು ಎಂಬ ಆಕ್ಷೇಪವನ್ನು ಗಂಡಸರು ಎತ್ತುವುದುಂಟು. ಹೊಸ ತಟ್ಟೆ ಯಾರಿಗೆ ಬೇಕಾಗಿತ್ತು ಎಂಬ ಮರುಪ್ರಶ್ನೆಗೆ ಅವರಲ್ಲಿ ಉತ್ತರವಿರುವುದಿಲ್ಲ.

ಚಿತ್ರವೇನು ಬರೆಯಬೇಕೆಂಬುದಕ್ಕೆ ಜಿಲ್ಲೆಯಲ್ಲೇ ಮಾದರಿಯಿದೆ. ಸಾಗರ, ಸೊರಬದ ಕಡೆಯ ದೀವರ ಸಮುದಾಯದ ಹೆಂಗಸರು ಮದುವೆಮನೆಯ ಗೋಡೆಯ ಮೇಲೆ ಬರೆಯುವ ಹಸೆ ಚಿತ್ತಾರದಲ್ಲಿ ಕೆಮ್ಮಣ್ಣಿನ ಕೆಂಪು, ಅಕ್ಕಿಹಿಟ್ಟಿನ ಬಿಳಿ, ಸೀಯಿಸಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ ಎಂಬ ನಾಲ್ಕೇ ಬಣ್ಣಗಳು. ಬ್ರಷ್ಷು ಎಂದರೆ ಪುಂಡಿ ನಾರಿನ ಕುಚ್ಚು. ಮಿತವ್ಯಯಕ್ಕೆ ಇದಕ್ಕಿಂತ ದೊಡ್ಡ ಪಾಠ ಬೇಕಿಲ್ಲ. ನೇರ ಗೆರೆಗಳೇ ಪ್ರಧಾನವಾದ ಚಿತ್ತಾರವು ದುಂಡನೆಯ ತಟ್ಟೆಗೆ ಹೊಂದೀತೆ ಎಂಬ ಸಂದೇಹಕ್ಕೂ ಅವರೇ ಹಿಂದೆಯೇ ಉತ್ತರ ಕೊಟ್ಟಿದ್ದಾರೆ: ಆಶ್ವಯುಜದ ಭೂಮಿ ಹುಣ್ಣಿಮೆಗೆ ಹೊಲಕ್ಕೆ ಚರಗ, ಅಂದರೆ ಭೂಮಿಗೆ ಎಡೆಯಾಗಿ ಬೀರುವ ಅಡುಗೆ, ಒಯ್ಯುವ ಭೂಮಣ್ಣಿ ಬುಟ್ಟಿಯ ಉಬ್ಬು ಮೈಮೇಲೆ ಅದೇ ಗೆರೆಗಳು ಎಲ್ಲೂ ತಪ್ಪದೆ ಸುತ್ತಿಬರುತ್ತವೆ. ಗೋಪಾಳದಲ್ಲಿ ಅಂಗಡಿಯ ಅಕ್ರಿಲಿಕ್ ಬಣ್ಣ ಹಿಡಿದು ತಟ್ಟೆಗೆ ಅದನ್ನು ಇಳಿಸಿಕೊಳ್ಳುವವರು ಎರಡು ಎಚ್ಚರಿಕೆ ವಹಿಸಬೇಕಾಗುತ್ತದೆ. ಬಣ್ಣ ಬಳಿದ ತಟ್ಟೆಯಲ್ಲಿ ಮತ್ತೆ ತಿನ್ನುವ ಪದಾರ್ಥ ಇಡಬಾರದು ಎಂಬುದು ಒಂದು. ಹೆಸರಿನ ಗತಿಯೇನು ಎಂಬುದು ಇನ್ನೊಂದು.

ಉಳಿದ ಎಲ್ಲ ವಿಷಯಗಳಲ್ಲೂ ಧೈರ್ಯವಾಗಿ ಮುಂದುವರಿದ ಕಲಾವಿದೆಯರ ಕೈ ಇಲ್ಲಿ ತಡೆಯುತ್ತದೆ. ಹೆಸರನ್ನು ಬಣ್ಣದಿಂದ ಮುಚ್ಚಿದ ಮರುತಿಂಗಳೇ ಸತ್ಯನಾರಾಯಣ ಪೂಜೆಗೆ ಬಂದ ಸೋದರತ್ತೆ, ಹಜಾರದ ಗೋಡೆಯತ್ತ ಕನ್ನಡಕ ಸರಿಪಡಿಸಿಕೊಂಡು ನೋಡಿ, ‘ಅಲ್ಲ ಕಣೇ, ನನ್ನ ಹೆಸರಿಗೇ ಮಸಿ ಬಳಿದುಬಿಟ್ಟೆಯಲ್ಲ!’ ಎಂದರೆ, ‘ಅದು ಮಸಿಯಲ್ಲ ಅತ್ತೆ, ಚಿತ್ತಾರ’ ಎಂಬ ಸಮಜಾಯಿಷಿ ಯಾವ ನ್ಯಾಯಾಲಯದಲ್ಲೂ ನಿಲ್ಲುವುದಿಲ್ಲ. ಹೀಗಾಗಿ ಅನುಭವಸ್ಥರು ಹೆಸರಿನ ಜಾಗವನ್ನು ಬಿಟ್ಟು, ಅದರ ಸುತ್ತ ಒಂದು ಬಿಳಿಯ ಚೌಕಟ್ಟು ಬರೆದು, ಉಳಿದೆಡೆ ಚಿತ್ತಾರ ತುಂಬುತ್ತಾರೆ. ಯಾರ ಯಾರ ತಟ್ಟೆ ಗೋಡೆಗೇರಬೇಕು, ಯಾರದು ಅಟ್ಟದಲ್ಲೇ ಇದ್ದರೆ ನಡೆಯುತ್ತದೆ ಎಂಬುದನ್ನು ಬಣ್ಣದ ಹೊಂದಾಣಿಕೆಗಿಂತ ಮುಂದಿನ ತಿಂಗಳುಗಳಲ್ಲಿ ಯಾರ ಯಾರ ಮನೆಯಲ್ಲಿ ಮದುವೆಯಿದೆ ಎಂಬುದೇ ನಿರ್ಧರಿಸುತ್ತದೆ. ಬಂದವರೂ ಚಿತ್ತಾರದ ಗೆರೆ ನೇರವಾಗಿದೆಯೇ ಎಂದು ನೋಡುವುದಿಲ್ಲ, ತಮ್ಮ ತಟ್ಟೆ ಓರಗಿತ್ತಿಯ ತಟ್ಟೆಗಿಂತ ಮೇಲಿದೆಯೇ ಎಂದು ನೋಡುತ್ತಾರೆ. ಆದಕಾರಣ ಈ ಜೀರ್ಣೋದ್ಧಾರದ ವೆಚ್ಚವನ್ನು ಮನೆಯ ಅಲಂಕಾರದ ಬಾಬಿನಲ್ಲಿ ತೋರಿಸಿ ನಷ್ಟವೆಂದು ಕೊರಗುವುದಕ್ಕಿಂತ, ಹಳೆಯ ಮುಯ್ಯಿ ಪುಸ್ತಕವನ್ನೇ ಹುಡುಕಿ ತೆಗೆದು, ಆಯಾ ಹೆಸರಿನ ಮುಂದೆ ಭಾಗಶಃ ಸಂದಾಯವೆಂದು ಬರೆದಿಡುವುದು ಲೆಕ್ಕಶಾಸ್ತ್ರಕ್ಕೂ ಬಂಧುತ್ವಕ್ಕೂ ಹೆಚ್ಚು ಸಮ್ಮತವಾದ ಕ್ರಮ.