ತಿರುಪುರಾಯರ ಹದಿನೆಂಟು ಸ್ಕ್ರೂ

ತಿರುಪುರಾಯರು ಎಂಬ ಹೆಸರು ಯಾರ ಆಧಾರ್ ಕಾರ್ಡಿನಲ್ಲೂ ಇಲ್ಲ. ಆದರೂ ಬೆಂಗಳೂರಿನ ಯಾವ ಅಪಾರ್ಟ್‌ಮೆಂಟಿಗೆ ಹೋಗಿ ಹುಡುಕಿದರೂ ಒಬ್ಬರಾದರೂ ಸಿಕ್ಕೇ ಸಿಗುತ್ತಾರೆ. ವಯಸ್ಸು ನಲವತ್ತರ ಆಚೀಚೆ, ಕೆಲಸ ಸಾಫ್ಟ್‌ವೇರಿನದು, ಕಾಲೇಜಿನಲ್ಲಿ ಬ್ಯಾಂಡ್ ಕಟ್ಟಿದ್ದ ಇತಿಹಾಸ ಬೇರೆ. ಬ್ಯಾಂಡಿನ ಮಿಕ್ಕವರೆಲ್ಲ ಅಮೆರಿಕ ಸೇರಿದರು. ರಾಯರ ಬಳಿ ಉಳಿದದ್ದು ಒಂದು ಸ್ಟ್ರಾಟೊಕಾಸ್ಟರ್ ಗಿಟಾರ್, ಮತ್ತು ಅದಕ್ಕಿಂತ ಹೆಚ್ಚು ಜಾಗ ಹಿಡಿದಿರುವ ಒಂದು ಟೂಲ್‌ಬಾಕ್ಸ್. ಗಿಟಾರಿನ ಮೇಲೆ ಅವರ ಕೈಯಾಡುವುದನ್ನು ಮನೆಯವರು ದಿನಾ ನೋಡುತ್ತಾರೆ. ಆ ಕೈಯಲ್ಲಿ ಪಿಕ್ ಇರುವುದು ಮಾತ್ರ ಅಪರೂಪ, ಇರುವುದು ಅಲೆನ್ ಕೀ.

ಪಿಕಪ್ ಬದಲಾಯಿಸಿ ಆಯಿತು, ಟ್ಯೂನಿಂಗ್ ಬಿರಡೆ ಬದಲಾಯಿಸಿ ಆಯಿತು. ಈಗ ಸರದಿ ಸ್ಯಾಡಲ್‌ಗಳದು. ಗಿಟಾರಿನ ಬ್ರಿಜ್ ಮೇಲೆ ತಂತಿ ಕೂರುವ, ಉಗುರಿನಷ್ಟು ದೊಡ್ಡ ಲೋಹದ ತುಂಡೇ ಸ್ಯಾಡಲ್. ತಂತಿಯ ನಡುಗುವ ಭಾಗ ಅಲ್ಲಿಗೆ ಮುಗಿಯುತ್ತದೆ. ಹಿಂದಿನ ಸ್ಕ್ರೂ ತಿರುಗಿಸಿದರೆ ಆ ಭಾಗದ ಉದ್ದ ಬದಲಾಗುತ್ತದೆ, ಮೇಲಿನ ಎರಡು ಪುಟ್ಟ ಸ್ಕ್ರೂ ತಿರುಗಿಸಿದರೆ ತಂತಿಯ ಎತ್ತರ. ಆರು ಸ್ಯಾಡಲ್, ತಲಾ ಮೂರರಂತೆ ಹದಿನೆಂಟು ಸ್ಕ್ರೂ. ರಾಯರಂಥವರಿಗೆ ಭಾನುವಾರ ಕಳೆಯಲು ಇಷ್ಟು ಸಾಕು.

ತಿರುಪು ತಿರುಗಿಸುವವರ ಈ ಪಂಥಕ್ಕೆ ಒಬ್ಬ ಮೂಲಪುರುಷನೂ ಇದ್ದಾನೆ: ಲಿಯೋ ಫೆಂಡರ್. ಕ್ಯಾಲಿಫೋರ್ನಿಯಾದ ಫುಲರ್ಟನ್ ಊರಿನಲ್ಲಿ ರೇಡಿಯೊ ರಿಪೇರಿ ಅಂಗಡಿ ಇಟ್ಟಿದ್ದವನು. ಜಗತ್ತನ್ನೇ ಕುಣಿಸಿದ ಗಿಟಾರುಗಳನ್ನು ಮಾಡಿದ ಈ ಮನುಷ್ಯನಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ಇದು ರಾಯರ ಬತ್ತಳಿಕೆಯ ಬ್ರಹ್ಮಾಸ್ತ್ರ. “ನೋಡೇ, ಲಿಯೋಗೂ ನುಡಿಸೋಕೆ ಬರ್ತಿರ್ಲಿಲ್ಲ” ಎಂದು ಅವರು ಹೆಂಡತಿಯ ಮೇಲೆ ಅದನ್ನು ಪ್ರಯೋಗಿಸಿದರು. “ಬರ್ದೇ ಇದ್ರೇನ್ರೀ, ಮಾರೋಕಾದ್ರೂ ಬರ್ತಿತ್ತಲ್ಲ” ಎಂಬ ಉತ್ತರ ಬಂತು. ಆಕೆಯ ಮಾತು ಸರಿ: 1965ರಲ್ಲಿ ಲಿಯೋ ತನ್ನ ಕಂಪನಿಯನ್ನು ಸಿಬಿಎಸ್ ಎಂಬ ಪ್ರಸಾರ ಸಂಸ್ಥೆಗೆ ಮಾರಿದ್ದು 1.3 ಕೋಟಿ ಡಾಲರಿಗೆ. ರಾಯರ ಟೂಲ್‌ಬಾಕ್ಸಿಗೆ ಈವರೆಗೆ ಯಾರೂ ಬೆಲೆ ಕೇಳಿಲ್ಲ.

ನಗುವುದು ಸುಲಭ. ಆದರೆ ಸ್ಯಾಡಲ್ ವಿಷಯ ಎತ್ತಿದಾಗ ರಾಯರು ಹೇಳುವುದರಲ್ಲಿ ಅರ್ಧ ಶುದ್ಧ ಸತ್ಯ, ಅದನ್ನು ಒಪ್ಪಿಕೊಳ್ಳಲೇಬೇಕು. ತಂತಿಯನ್ನು ಫ್ರೆಟ್ಟಿಗೆ, ಅಂದರೆ ಗಿಟಾರಿನ ಕೊರಳ ಮೇಲಿನ ಲೋಹದ ಮೆಟ್ಟಿಲಿಗೆ, ಒತ್ತಿದಾಗ ಅದು ತುಸು ಎಳೆದುಕೊಂಡು ಸ್ವರ ಏರುತ್ತದೆ. ಜೊತೆಗೆ ತಂತಿಗೆ ತನ್ನದೇ ಬಿಗುವಿದೆ, ಅದು ಎಲ್ಲ ತಂತಿಗೂ ಒಂದೇ ಸಮನಾಗಿಲ್ಲ. ಅದಕ್ಕೇ ಒಂದೊಂದು ತಂತಿಗೂ ಒಂದೊಂದು ಉದ್ದ ಬೇಕು. 12ನೇ ಫ್ರೆಟ್ಟಿನ ಮೇಲೆ ಬೆರಳನ್ನು ಸುಮ್ಮನೆ ತಾಗಿಸಿದರೆ ಬರುವ ಸ್ವರ, ಅಲ್ಲೇ ಒತ್ತಿದರೆ ಬರುವ ಸ್ವರ, ಎರಡೂ ಒಂದಾಗಬೇಕು. ಒತ್ತಿದ್ದು ಏರಿದ್ದರೆ ಸ್ಯಾಡಲನ್ನು ಹಿಂದಕ್ಕೆ ಸರಿಸಬೇಕು, ಇಳಿದಿದ್ದರೆ ಮುಂದಕ್ಕೆ.

ಈ ಲೆಕ್ಕದಲ್ಲಿ ಲಿಯೋ ಕೂಡ ಮೊದಲ ಸಲಕ್ಕೇ ಪಾಸಾಗಲಿಲ್ಲ. 1950ರ ದಶಕದ ಆರಂಭದ ಅವನ ಟೆಲಿಕಾಸ್ಟರ್ ಗಿಟಾರಿನಲ್ಲಿ ಆರು ತಂತಿಗೆ ಮೂರೇ ಹಿತ್ತಾಳೆ ಸ್ಯಾಡಲ್. ಎರಡೆರಡು ತಂತಿ ಒಂದೊಂದನ್ನು ಹಂಚಿಕೊಳ್ಳಬೇಕು. ಒಂದರ ಶ್ರುತಿ ಕೂಡಿಸಿದರೆ ಪಕ್ಕದ್ದು ಕೆಡುತ್ತದೆ. ಆ ಕಾಲದ ಮೂರನೇ ತಂತಿಗೆ ಸಾಮಾನ್ಯವಾಗಿ ಮೇಲೊಂದು ಸುತ್ತುತಂತಿ ಇರುತ್ತಿದ್ದುದರಿಂದ ಹೇಗೋ ನಡೆಯಿತು. ಮುಂದೆ ಆ ಜಾಗಕ್ಕೆ ಸುತ್ತಿಲ್ಲದ ಬರಿ ತಂತಿ ಬಂತು. ಅದು ಹಿಂದಕ್ಕೆ ಹೋಗಬೇಕು ಎನ್ನುತ್ತದೆ, ಅದೇ ಸ್ಯಾಡಲ್ ಮೇಲಿರುವ ನಾಲ್ಕನೆಯದು ಮುಂದಕ್ಕೆ ಎನ್ನುತ್ತದೆ. ಈ ಜಗಳ ಬಿಡಿಸಲೆಂದೇ ಇಂದು ಓರೆಯಾಗಿ ಕೊರೆದ ಹಿತ್ತಾಳೆ ಸ್ಯಾಡಲ್‌ಗಳು ಮಾರಾಟವಾಗುತ್ತಿವೆ. ಲಿಯೋ ಸ್ವತಃ 1954ರ ಸ್ಟ್ರಾಟೊಕಾಸ್ಟರಿನಲ್ಲಿ ತಂತಿಗೊಂದರಂತೆ ಆರು ಉಕ್ಕಿನ ಸ್ಯಾಡಲ್ ಕೊಟ್ಟ. ಅಂದರೆ ರಾಯರ ಗಿಟಾರಿನ ರೋಗ ಅದು ಹುಟ್ಟುವ ಮುಂಚೆಯೇ ವಾಸಿಯಾಗಿತ್ತು. ಈ ಮಾತನ್ನು ಅವರ ಮುಂದೆ ಆಡುವ ಹಾಗಿಲ್ಲ.

ಮನೆಗೆ ಬಂದಿದ್ದ ಅತ್ತೆಯವರು ವೀಣೆ ಕಲಿತವರು. ಅಳಿಯ ಕುದುರೆಯ, ಅಂದರೆ ಬ್ರಿಜ್‌ನ, ಮೇಲಿನ ತುಂಡುಗಳನ್ನು ಹಿಂದೆ ಮುಂದೆ ತಳ್ಳುವುದನ್ನು ಅವರು ಕಾಫಿ ಆರುವ ತನಕ ನೋಡಿದರು. “ನಮ್ಮದರಲ್ಲಿ ಕುದುರೆ ಇದ್ದಲ್ಲೇ ಇರತ್ತಪ್ಪ. ಮೆಟ್ಟಿಲುಗಳನ್ನೇ ಮೇಣದಲ್ಲಿ ಕೂರಿಸಿ ಮೇಳ ಕಟ್ಟೋದು. ಗೊತ್ತಿರೋರ ಹತ್ರ ಒಂದು ಸಲ ಕಟ್ಟಿಸಿಬಿಟ್ರೆ ಆಮೇಲೆ ನುಡಿಸ್ತಾ ಇರೋದು, ಅಷ್ಟೆ.” ಕೊನೆಯ ವಾಕ್ಯ ರಾಯರಿಗೆ ಕೇಳಿಸಲಿಲ್ಲ. ಅವರು ಮೇಣ ಎಲ್ಲಿ ಸಿಗುತ್ತದೆ ಎಂದು ಮೊಬೈಲಿನಲ್ಲಿ ಹುಡುಕುತ್ತಿದ್ದರು.

ಹೊಸ ಸ್ಯಾಡಲ್‌ಗಳ ಪಾರ್ಸೆಲ್ ಬಂದದ್ದು ಶನಿವಾರ. ಸ್ಯಾಡಲ್‌ಗಳಲ್ಲಿ ಜಾತಿ ಬಹಳ: ಹಿತ್ತಾಳೆ, ಬಗ್ಗಿಸಿದ ಉಕ್ಕು, ಅಚ್ಚು ಹೊಯ್ದ ಸತು, ಟೈಟಾನಿಯಂ, ತಂತಿ ತುಂಡಾಗದಿರಲೆಂದು ಜಾರುವ ಗುಣ ಬೆರೆಸಿದ ಕಪ್ಪು ಸಿಂಥೆಟಿಕ್. ರಾಯರು ಟೈಟಾನಿಯಂ ಆರಿಸಿದ್ದರು, ದುಬಾರಿ ಅನ್ನುವುದೇ ಕಾರಣ. ತಂತಿ ಬಿಚ್ಚಿದರು, ಹಳೆಯದನ್ನು ಕಳಚಿದರು, ಹೊಸದನ್ನು ಕೂರಿಸಿದರು. ಆರನೆಯದು ಕೂರಲೊಲ್ಲದು. ಹಳೆಯ ಮಾದರಿಯ ಸ್ಟ್ರಾಟಿನಲ್ಲಿ ಮೊದಲ ತಂತಿಯಿಂದ ಆರನೆಯದಕ್ಕೆ ಸುಮಾರು 56 ಮಿ.ಮೀ.; 1980ರ ದಶಕದಲ್ಲಿ ಬಂದ ಅಮೆರಿಕನ್ ಸ್ಟ್ಯಾಂಡರ್ಡ್ ಮಾದರಿಯಲ್ಲಿ 52ರ ಸುಮಾರು. ಅದಕ್ಕೆ ತಕ್ಕಂತೆ ಸ್ಯಾಡಲಿನ ಅಗಲವೂ ಬೇರೆ. ಅರ್ಧಸ್ವರದ ಅಂತರವನ್ನು ನೂರು ಭಾಗ ಮಾಡಿ ಅದರಲ್ಲಿ ಎರಡು ಭಾಗ ತಪ್ಪಿದರೂ ನಿದ್ದೆಗೆಡುವ ಮನುಷ್ಯ, ಕೊಳ್ಳುವ ಮುನ್ನ ಸ್ಕೇಲ್ ಹಿಡಿದು ಅಳೆದಿರಲಿಲ್ಲ.

ವಾಪಸ್ ಕಳಿಸಿ ಸರಿಯಾದ ಸೆಟ್ ತರಿಸಿದ ಮೇಲೆ ಅಲೆನ್ ಕೀ ಪ್ರಕರಣ. ಅಮೆರಿಕದ ಸ್ಯಾಡಲಿನ ಎತ್ತರದ ಸ್ಕ್ರೂಗೆ 0.050 ಅಂಗುಲದ ಕೀ, ಅಂದರೆ 1.27 ಮಿ.ಮೀ.; ಏಷ್ಯಾದಲ್ಲಿ ತಯಾರಾದ ಬಹುಪಾಲು ಗಿಟಾರುಗಳಿಗೆ 1.5. ಹತ್ತಿರದ ಅಳತೆಯ ಕೀ ತುರುಕಿದರೆ ಸ್ಕ್ರೂವಿನ ಷಟ್ಕೋನ ವೃತ್ತವಾಗುತ್ತದೆ. ರಾಯರು ಎಸ್.ಪಿ. ರಸ್ತೆಗೆ ಹೋದರು. ಅಂಗಡಿಯವನು “ಎಷ್ಟು ಎಂಎಂ ಸಾರ್?” ಎಂದದ್ದಕ್ಕೆ ಫುಲರ್ಟನ್ನಿನ ಇತಿಹಾಸದಿಂದ ಶುರುಮಾಡಿದರು. ಹಿಂದೆ ಕ್ಯೂ ಬೆಳೆಯಿತು.

ಕೊನೆಗೂ ಎಲ್ಲ ಕೂತಿತು. 17ನೇ ಫ್ರೆಟ್ಟಿನ ಮೇಲೆ ತಂತಿಯ ಎತ್ತರ 1.6 ಮಿ.ಮೀ., ಫೆಂಡರ್ ಕಂಪನಿ ಹೇಳಿದಷ್ಟೇ. ಹೊಸ ತಂತಿ ಹಾಕಿ ಒಂದು ಕಾರ್ಡ್ ಮೀಟಿದ ರಾಯರ ಮುಖ ಅರಳಿತು. “ಕೇಳಿಸ್ತಾ? ಆ ಮಿಂಚು! ಟೈಟಾನಿಯಂ ಅಂದ್ರೆ ಇದು.” ಪಿಯುಸಿ ಓದುವ ಮಗಳು ಪುಸ್ತಕದಿಂದ ತಲೆ ಎತ್ತದೆ ಕೇಳಿದಳು: “ಅಪ್ಪ, ತಂತಿನೂ ಹೊಸದಲ್ವಾ?”

ಈ ಪ್ರಶ್ನೆಗೆ ಈ ಪಂಥದಲ್ಲಿ ಉತ್ತರವಿಲ್ಲ. ತಂತಿ ಬಿಚ್ಚದೆ ಸ್ಯಾಡಲ್ ಬದಲಿಸಲಾಗದು. ಬಿಚ್ಚಿದ ಮೇಲೆ ಹಳೆಯದನ್ನೇ ಮತ್ತೆ ಹಾಕುವವರು ಅಪರೂಪ. ಬೆವರು, ತುಕ್ಕು ಮೆತ್ತಿದ ತಂತಿಗೂ ಹೊಸ ತಂತಿಗೂ ಇರುವ ವ್ಯತ್ಯಾಸ ಕಿವುಡನಿಗೂ ಗೊತ್ತಾಗುವಂಥದ್ದು. ಕೆಲವು ನೂರು ರೂಪಾಯಿಯ ತಂತಿ ದುಡಿಯುತ್ತದೆ, ಕೆಲವು ಸಾವಿರದ ಸ್ಯಾಡಲ್ ಶಾಲು ಹೊದಿಸಿಕೊಳ್ಳುತ್ತದೆ.

ಹಾಗೆಂದು ಸ್ಯಾಡಲ್ ಬದಲಿಸುವುದೇ ಹುಚ್ಚಲ್ಲ. ಸ್ಕ್ರೂ ತುಕ್ಕು ಹಿಡಿದು ಕಚ್ಚಿಕೊಂಡಿದ್ದರೆ, ಅದರ ಮರೆ (ಥ್ರೆಡ್) ಸವೆದಿದ್ದರೆ, ನುಡಿಸುವಾಗ ಸ್ಯಾಡಲ್ ತಾನೇ ಜರುಗುತ್ತಿದ್ದರೆ ಖಂಡಿತ ಬದಲಿಸಿ. ತಂತಿ ಪ್ರತಿಸಲ ಅದೇ ಜಾಗದಲ್ಲಿ ತುಂಡಾಗುತ್ತಿದ್ದರೆ ಮೊದಲು ಅಲ್ಲಿನ ಚೂಪು ಅಂಚನ್ನು ನಯವಾದ ಎಮರಿ ಕಾಗದದಿಂದ ಉಜ್ಜಿ ನೋಡಿ. ನಿಮ್ಮ ಮನೆಯಲ್ಲೂ ಒಬ್ಬ ತಿರುಪುರಾಯರಿದ್ದು ಹುಟ್ಟುಹಬ್ಬ ಹತ್ತಿರ ಬಂದಿದ್ದರೆ, ದಯವಿಟ್ಟು ಸ್ಯಾಡಲ್ ಮಾತ್ರ ಕೊಡಿಸಬೇಡಿ. ಅಂಗುಲ, ಮಿಲಿಮೀಟರ್ ಎರಡೂ ಇರುವ ಅಲೆನ್ ಕೀ ಸೆಟ್ ಒಂದನ್ನು ಕೊಡಿ, ಜೊತೆಗೆ ಎರಡು ಸೆಟ್ ತಂತಿ.