ಸಿ ಫಾರಂ ರಾಯರು

ಮೈಸೂರಿನ ಗೋಕುಲಂ ಮೂರನೇ ಹಂತದಲ್ಲಿ ನಡೆದು ಹೋಗುವಾಗ ಗೇಟಿನೊಳಗೆ ತುಳಸಿಕಟ್ಟೆ, ಮಹಡಿಯಲ್ಲಿ ಒಣಗಲು ಹಾಕಿದ ಯೋಗದ ಮ್ಯಾಟು, ವರಾಂಡದಲ್ಲಿ ಸ್ವಂತದ್ದೊಂದು ಜೆರಾಕ್ಸ್ ಮಿಷನ್ ಒಟ್ಟಿಗೆ ಕಂಡರೆ, ಅದು ನಮ್ಮ ರಾಯರ ಮನೆಯೆಂದು ತಿಳಿಯಿರಿ. ಪೂರ್ತಿ ಹೆಸರು ಬೇಡ. ಬೀದಿಗೊಬ್ಬರಿದ್ದಾರೆ.

ರಾಯರು ಹೆಡ್ ಕ್ಲರ್ಕ್ ಆಗಿ ರಿಟೈರಾದವರು. ಬಂದ ದುಡ್ಡಿನಲ್ಲಿ ಮಹಡಿ ಎಬ್ಬಿಸಿದರು. ಪಟ್ಟಾಭಿ ಜೋಯಿಸರ ಅಷ್ಟಾಂಗ ಯೋಗಶಾಲೆ ಲಕ್ಷ್ಮೀಪುರಂ ಬಿಟ್ಟು ಗೋಕುಲಂಗೆ ಬಂದ ಮೇಲೆ ಅದರ ಹಿಂದೆಯೇ ಬಂದ ವಿದೇಶಿಯರಿಗೆ ಮನೆ ಬೇಕಾಗಿತ್ತು, ರಾಯರಿಗೆ ಬಾಡಿಗೆ ಬೇಕಾಗಿತ್ತು. ಬಾಡಿಗೆಯ ಜೊತೆ ಫೈಲೂ ಬಂತು. ಎರಡರಲ್ಲಿ ಯಾವುದು ಹೆಚ್ಚು ಪ್ರಿಯ ಎಂದು ಕೇಳಿದರೆ ಅವರ ಹೆಂಡತಿ ಥಟ್ಟನೆ ಹೇಳುತ್ತಾರೆ: "ಬಾಡಿಗೆ ತಡವಾದ್ರೆ ಸುಮ್ಮನಿರ್ತಾರೆ. ವೀಸಾ ಕಾಪಿ ತಡವಾದ್ರೆ ಊಟ ಸೇರಲ್ಲ."

ವಿದೇಶಿಯನ್ನು ಮನೆಯಲ್ಲಿ ಇಳಿಸಿಕೊಂಡವರು 24 ಗಂಟೆಯೊಳಗೆ ಸರ್ಕಾರಕ್ಕೆ ತಿಳಿಸಬೇಕು, ಅದು ನಿಯಮ. ಹೋಟೆಲಿಗೂ ಅಷ್ಟೇ, ಮಹಡಿ ಮನೆಗೂ ಅಷ್ಟೇ. ಅದಕ್ಕೆ ತುಂಬುತ್ತಿದ್ದ ಅರ್ಜಿಯೇ ಸಿ ಫಾರಂ. 1946ರ ವಿದೇಶಿಯರ ಕಾಯ್ದೆಯನ್ನು ತೆಗೆದು 2025ರ ಸೆಪ್ಟೆಂಬರ್ 1ರಿಂದ ಹೊಸ ಕಾಯ್ದೆ ತಂದಾಗ ರಾಯರು ಒಂದು ಹೊತ್ತು ಊಟ ಬಿಟ್ಟರೆಂದು ಬೀದಿಯವರು ಆಡಿಕೊಳ್ಳುತ್ತಾರೆ. ಹೊಸ ಕಾಯ್ದೆ ಏನೇ ಹೇಳಲಿ, ಗೋಕುಲಂ ಬಾಯಲ್ಲಿ ಅದು ಈಗಲೂ ಸಿ ಫಾರಮ್ಮೇ.

ಬೆಂಗಳೂರು ವಿಮಾನ ನಿಲ್ದಾಣದಿಂದ ಟ್ಯಾಕ್ಸಿ ಬೆಳಗಿನ ಜಾವ ನಾಲ್ಕಕ್ಕೆ ಬರುತ್ತದೆ. ರಾಯರು ಮಂಕಿ ಕ್ಯಾಪ್ ಹಾಕಿಕೊಂಡು ಗೇಟಿನಲ್ಲಿ ಸಿದ್ಧ. ಮನೆಗೆ ಬಂದವರಿಗೆ ಮೊದಲು ನೀರು ಕೊಡಬೇಕೆಂಬುದು ಅವರಮ್ಮ ಕಲಿಸಿದ ಪಾಠ. ರಾಯರು ನೀರು ಕೊಡುತ್ತಾರೆ, ಆದರೆ ಬಲಗೈಯಲ್ಲಿ ಲೋಟ ಚಾಚುವಾಗಲೇ ಎಡಗೈ ಪಾಸ್‌ಪೋರ್ಟಿಗೆ ಚಾಚಿರುತ್ತದೆ. ಇಮಿಗ್ರೇಷನ್ ಸೀಲು ಮಸಕಾಗಿದ್ದರೆ ಪಂಚಾಂಗ ನೋಡುವ ಭೂತಗನ್ನಡಿ ಹೊರಬರುತ್ತದೆ.

"ರಾತ್ರಿ ಹನ್ನೊಂದು ಐವತ್ತಕ್ಕೆ ಸೀಲು ಹೊಡೆಸಿಕೊಂಡಿದೀಯಲ್ಲಮ್ಮ! ಇನ್ನು ಹತ್ತು ನಿಮಿಷ ಸಾಲಿನಲ್ಲಿ ಹಿಂದೆ ನಿಂತಿದ್ರೆ ಒಂದು ದಿನ ಉಳೀತಿತ್ತು."

ಎರಡು ವಿಮಾನ ಬದಲಿಸಿ, ನಿದ್ದೆಗೆಟ್ಟು ಬಂದ ಹುಡುಗಿಗೆ ಇದು ಆಶೀರ್ವಾದವೋ ಬೈಗುಳವೋ ತಿಳಿಯುವುದಿಲ್ಲ.

ಆಕೆಯ ನಿಜವಾದ ಸಂಕಟ ಮರುದಿನ ಶುರು. 30 ದಿನದ ಇ-ವೀಸಾ ತೆಗೆದುಕೊಂಡವಳು ಅನುಮತಿ ಪತ್ರದ ಮೇಲಿನ ಎಕ್ಸ್‌ಪೈರಿ ದಿನಾಂಕ ನೋಡಿ, ಅಷ್ಟರೊಳಗೆ ದೇಶ ಬಿಡಬೇಕೆಂದು ಅಳುತ್ತಾ ಕೆಳಗಿಳಿದು ಬರುತ್ತಾಳೆ. ರಾಯರು ಕುರ್ಚಿ ಎಳೆದು ಕೂರಿಸುತ್ತಾರೆ. ಆ ದಿನಾಂಕ ದೇಶದೊಳಗೆ ಬರಲು ಇರುವ ಗಡುವು, ವಾಸದ 30 ದಿನ ಎಣಿಸುವುದು ಬಂದಿಳಿದ ದಿನದಿಂದ. ಅಷ್ಟರಲ್ಲಿ ಒಂದು ವರ್ಷದ ವೀಸಾದವನು ತನಗೂ ಹಾಗೆಯೇ ಎಂದು ನಗುತ್ತಾ ಬರುತ್ತಾನೆ. ಅವನ ನಗು ಅಲ್ಲೇ ನಿಲ್ಲುತ್ತದೆ. ಅವನ 365 ದಿನ ಎಣಿಸುವುದು ವೀಸಾ ಮಂಜೂರಾದ ದಿನದಿಂದ, ಅವನು ಇನ್ನೂ ಊರಿನಲ್ಲಿ ಚೀಲ ತುಂಬುತ್ತಿದ್ದಾಗಿನಿಂದ. "ಒಂದು ಹಾಲಿನ ಪ್ಯಾಕೆಟ್ಟು ಡೈರಿ ಬಿಟ್ಟಾಗಿನಿಂದ ಹಳೇದಾಗತ್ತೆ, ಇನ್ನೊಂದು ಬಾಗಿಲಿಗೆ ಬಂದಾಗಿನಿಂದ. ಯಾಕೆ ಅಂತ ಹಾಲನ್ನ ಕೇಳಬಾರದು" ಎನ್ನುತ್ತಾರೆ ರಾಯರು.

ಐದು ವರ್ಷದ ಇ-ವೀಸಾ ಬಂದ ಹೊಸದರಲ್ಲಿ ಅಮೆರಿಕ, ಬ್ರಿಟನ್, ಕೆನಡಾ, ಜಪಾನಿನವರು ಒಮ್ಮೆಗೆ 180 ದಿನ ಇರಬಹುದಾಗಿತ್ತು, ಉಳಿದವರಿಗೆ 90 ದಿನ. ಮಹಡಿಯಲ್ಲಿ ಸ್ಪೇನಿನವಳೂ ಕೆನಡಾದವಳೂ ಒಂದೇ ಕೋಣೆ, ಒಂದೇ ಶೀರ್ಷಾಸನ. ಸ್ಪೇನಿನವಳು ಹೊರಡುವ ದಿನ ಇಬ್ಬರೂ ತಬ್ಬಿಕೊಂಡು ಅಳುವಾಗ ರಾಯರು ನಡುವೆ ನಿಂತು ದೇಶವಾರು ಪಟ್ಟಿ ಓದಿ ಸಮಾಧಾನ ಹೇಳಿದರು.

ಅವರು ಹಳೆಯ ಕಾಲವನ್ನೂ ಕಂಡವರು. 2009ರ ಕೊನೆಯಲ್ಲಿ ಪ್ರವಾಸಿ ವೀಸಾದವರು ಒಮ್ಮೆ ದೇಶ ಬಿಟ್ಟರೆ ಎರಡು ತಿಂಗಳು ತಿರುಗಿ ಬರುವಂತಿಲ್ಲ ಎಂದು ನಿಯಮ ಬಂತು. 2012ರಲ್ಲಿ ಅದು ಹೆಚ್ಚಿನವರಿಗೆ ಸಡಿಲವಾಯಿತು. ನಡುವಿನ ವರ್ಷಗಳಲ್ಲಿ ನಾಲ್ಕು ದಿನ ಶ್ರೀಲಂಕಾ ನೋಡಿಬರುತ್ತೇನೆಂದು ಹೊರಟವರನ್ನು ರಾಯರು ಗೇಟಿನಲ್ಲಿ ಅಡ್ಡಗಟ್ಟಿ ನಿಲ್ಲಿಸುತ್ತಿದ್ದರು. "ಮ್ಯಾಟು ಇಲ್ಲೇ ಬಿಟ್ಟು ಹೋಗ್ತೀಯಲ್ಲ, ನೀನು ಬರೋ ಹೊತ್ತಿಗೆ ಗೆದ್ದಲು ತಿಂದಿರತ್ತೆ!"

ಇ-ವೀಸಾ ಅರ್ಜಿ ತುಂಬಿಸುವ ದಿನವಂತೂ ವರಾಂಡ ತಾಲ್ಲೂಕು ಕಚೇರಿಯಾಗುತ್ತದೆ. ಮುಂದಿನ ವರ್ಷ ಬರುವವರ ಅರ್ಜಿಯನ್ನು ಫೋನಿನಲ್ಲೇ ತುಂಬಿಸುತ್ತಾರೆ. ಫೋಟೋ ಚೌಕವಾಗಿರಬೇಕು, ಹಿಂಬದಿ ಬೆಳ್ಳಗಿರಬೇಕು, ಪಾಸ್‌ಪೋರ್ಟಿನ ಪಿಡಿಎಫ್ 300 ಕೆಬಿ ಮೀರಬಾರದು. ಮೈಮೇಲಿನ ಗುರುತಿನ ಕಾಲಂನಲ್ಲಿ ಆ ಕಡೆಯವರು "ಇಲ್ಲ" ಎಂದರೆ ರಾಯರು ಒಪ್ಪುವುದಿಲ್ಲ. ಸ್ಕೂಲಿಗೆ ಸೇರಿದಂದಿನಿಂದ ಎಡಗೆನ್ನೆಯ ಮಚ್ಚೆಯ ಮೇಲೇ ಬದುಕಿದವರು ಅವರು. "ಸರಿಯಾಗಿ ಹುಡುಕಮ್ಮ, ಇರತ್ತೆ!" ತಂದೆ ಹುಟ್ಟಿದ ಊರು ಯಾವುದೆಂಬ ಪ್ರಶ್ನೆಗೆ ಅತ್ತಲಿಂದ ಗೊತ್ತಿಲ್ಲವೆಂಬ ಉತ್ತರ ಬಂದಾಗ ರಾಯರಿಗೆ ಎದೆ ಹಿಡಿದಂತಾಯಿತು. "ಅಪ್ಪನ ಊರು ಕಣಮ್ಮ ಕೇಳ್ತಿರೋದು, ಗೋತ್ರ ಅಲ್ಲ!"

ತಮಾಷೆಯೆಂದರೆ ಮಹಡಿಯವರು ದಿನ ಎಣಿಸುವುದೇ ಬೇರೆ. ಅಷ್ಟಾಂಗ ಪದ್ಧತಿಯ ಯೋಗದಲ್ಲಿ ಅಮಾವಾಸ್ಯೆ, ಹುಣ್ಣಿಮೆಗೆ ರಜೆ. ಇವತ್ತು ತಿಥಿ ಯಾವುದೆಂದು ಬ್ರೆಜಿಲಿನವನು ಥಟ್ಟನೆ ಹೇಳುತ್ತಾನೆ, ಬ್ರೆಜಿಲಿನವನು ಬಂದು ಇವತ್ತಿಗೆ ಎಷ್ಟು ದಿನವೆಂದು ರಾಯರು ಥಟ್ಟನೆ ಹೇಳುತ್ತಾರೆ. ಏಕಾದಶಿ ಯಾವಾಗೆಂದು ರಾಯರ ಹೆಂಡತಿಯೂ ಈಗ ಮಹಡಿಯವರನ್ನೇ ಕೇಳುವುದು.

ಇಂಥ ರಾಯರು ಮಗಳ ಬಾಣಂತನಕ್ಕೆ ಹೆಂಡತಿಯೊಂದಿಗೆ ಅಮೆರಿಕಕ್ಕೆ ಹೋದರು. ಹತ್ತು ವರ್ಷದ ವೀಸಾ ಇದ್ದರೂ ಒಳಗೆ ಎಷ್ಟು ದಿನ ಇರಬಹುದೆಂದು ತೀರ್ಮಾನಿಸುವುದು ಕೌಂಟರಿನ ಅಧಿಕಾರಿ. ಹೆಂಡತಿ ದೇವರ ನಾಮ ಹೇಳಿಕೊಳ್ಳುತ್ತಿದ್ದರು. ರಾಯರು ತಮ್ಮವರೇ ಸಿಕ್ಕಷ್ಟು ಖುಷಿಯಿಂದ ಕೇಳದಿದ್ದ ಕಾಗದವನ್ನೂ ತೆಗೆದು ತೋರಿಸಿದರು. ಅಧಿಕಾರಿ ಆರು ತಿಂಗಳು ಕೊಟ್ಟ. ಮನೆಗೆ ಬಂದು, ಶೂ ಬಿಚ್ಚುವ ಮೊದಲೇ ಅಳಿಯನನ್ನು ಕೇಳಿದರು:

"ನಮ್ಮ ಸಿ ಫಾರಂ ಹಾಕಿದ್ರಾ?"

"ಮನೆಯವರು ಹೋಗಿ ತಿಳಿಸೋದು ಅಂತ ಇಲ್ಲಿ ಏನೂ ಇಲ್ಲ ಮಾವ. ಆರಾಮಾಗಿರಿ."

ಆರಾಮಾಗಿ ಇರುವುದೆಲ್ಲಿ ಬಂತು! ಆ ರಾತ್ರಿ ರಾಯರಿಗೆ ನಿದ್ದೆ ಹತ್ತಲಿಲ್ಲ. ಜೆಟ್ ಲ್ಯಾಗ್ ಎಂದು ಮಗಳು ಮಾತ್ರೆ ಕೊಟ್ಟಳು. ಹೆಂಡತಿಗೆ ಕಾಯಿಲೆ ಏನೆಂದು ಗೊತ್ತಿತ್ತು. ಬೆಳಿಗ್ಗೆ ಅಳಿಯನ ಪ್ರಿಂಟರಿನಿಂದ ಒಂದು ಬಿಳಿ ಹಾಳೆ ಎಳೆದು ಕೈಗಿತ್ತರು. ರಾಯರು ಕನ್ನಡಕ ಏರಿಸಿ, ಸ್ಕೇಲಿನಲ್ಲಿ ಗೆರೆ ಹಾಕಿ, ಬಂದ ದಿನಾಂಕ, ಬಂದ ಊರು, ಬಂದ ಕಾರಣ ಎಲ್ಲ ತುಂಬಿ, ಅಳಿಯನಿಂದ ಸಹಿ ಹಾಕಿಸಿ, ಎರಡು ಕಾಪಿ ತೆಗೆದು, ಕಾಫಿಗೆ ಕೂತರು. ಎರಡನೇ ಕಾಪಿ ಯಾರಿಗೆಂದು ಅಳಿಯ ಕೇಳಿದ.

"ಯಾರೂ ಕೇಳಲ್ಲ ಕಣಪ್ಪ. ಆದ್ರೆ ಕೇಳಿದ್ರೆ ಇರಬೇಕಲ್ಲ!"