ಡಬ್ಬಿ ಮೀಮಾಂಸೆ: ತಿಂದು ಮುಗಿಯುವ ಉಡುಗೊರೆಯ ಶಾಸ್ತ್ರವಿಚಾರ

ಉಡುಗೊರೆಶಾಸ್ತ್ರದಲ್ಲಿ ಬಹುಕಾಲದಿಂದ ಬಗೆಹರಿಯದ ಪ್ರಶ್ನೆಯೊಂದಿದೆ: ಗೃಹಪ್ರವೇಶಕ್ಕೆ ಬಂದ ಗೋಡೆ ಗಡಿಯಾರಗಳೆಲ್ಲ ಕೊನೆಗೆ ಎಲ್ಲಿಗೆ ಹೋಗುತ್ತವೆ? ಕೋಣೆಗೆ ಗೋಡೆ ನಾಲ್ಕಿದ್ದರೂ ತೋರಿಸಬೇಕಾದ ಹೊತ್ತು ಒಂದೇ. ಅನುಮಾನ ಪ್ರಮಾಣದಿಂದ ತಿಳಿಯುವುದೇನೆಂದರೆ, ಅವು ಕರ್ಮ ಸವೆಯದ ಜೀವದಂತೆ ಬಣ್ಣದ ಕಾಗದ ಬದಲಿಸಿಕೊಂಡು ಮುಂದಿನ ಗೃಹಪ್ರವೇಶಕ್ಕೆ ತೆರಳುತ್ತವೆ. ಇದಕ್ಕೆ ಪಾಶ್ಚಾತ್ಯರ ಶಬ್ದಪ್ರಮಾಣವೂ ಉಂಟು. ಅಮೆರಿಕದ ಅರ್ಥಶಾಸ್ತ್ರಜ್ಞ ಜೋಯೆಲ್ ವಾಲ್ಡ್‌ಫೋಗೆಲ್ 1993ರಲ್ಲಿ ಕ್ರಿಸ್‌ಮಸ್ ಉಡುಗೊರೆಗಳನ್ನು ಲೆಕ್ಕಕ್ಕೆ ಹಿಡಿದು, ಕೊಟ್ಟವರು ತೆತ್ತ ಬೆಲೆಯಲ್ಲಿ ಹತ್ತನೇ ಒಂದರಿಂದ ಮೂರನೇ ಒಂದರಷ್ಟು ಪಾಲು ಪಡೆದವರ ಕಣ್ಣಲ್ಲಿ ಸೋರಿಹೋಗುತ್ತದೆಂದು ಅಂದಾಜು ಮಾಡಿದರು. ನಮ್ಮ ಲೆಮನ್ ಸೆಟ್ಟುಗಳು ಆ ಲೆಕ್ಕಕ್ಕೆ ಸಿಕ್ಕಿರಲಿಲ್ಲ. ಸಿಕ್ಕಿದ್ದರೆ ಅಂಕಿ ಇಷ್ಟು ಉದಾರವಾಗಿರುತ್ತಿರಲಿಲ್ಲ. ಆದ್ದರಿಂದ ನಮ್ಮ ಪ್ರತಿಜ್ಞೆ: ಬಂಧುಮಿತ್ರರಿಗೆ ಕೊಡತಕ್ಕದ್ದು ಮನೆಯಲ್ಲಿ ಮಾಡಿದ, ತಿಂದು ಮುಗಿಯುವ ಪದಾರ್ಥ ಮಾತ್ರ. ಹೇತು: ಮುಗಿಯುವುದರಿಂದಲೇ ಅದು ಡಬ್ಬಿಯನ್ನು ಖಾಲಿ ಮಾಡುತ್ತದೆ. ವ್ಯಾಪ್ತಿ: ಎಲ್ಲಿ ಖಾಲಿ ಡಬ್ಬಿಯೋ ಅಲ್ಲಿ ಮರುಭೇಟಿ.

ಡಬ್ಬಿಯನ್ನು ಬರಿದಾಗಿ ಹಿಂದಿರುಗಿಸಬಾರದೆಂಬ ವಿಧಿಯನ್ನು ಮೀರುವ ಧೈರ್ಯ ಮರ್ಯಾದಸ್ಥ ಮನೆಗಳಿಗಿಲ್ಲ. ಕಡೇಪಕ್ಷ ನಾಲ್ಕು ಚಮಚ ಸಕ್ಕರೆಯನ್ನಾದರೂ ಸುರಿದು ಕೊಡಬೇಕು. ಫ್ರಾನ್ಸಿನ ಮಾರ್ಸೆಲ್ ಮೋಸ್ ಉಡುಗೊರೆಯ ಕುರಿತ ತಮ್ಮ 1925ರ ಪ್ರಬಂಧದಲ್ಲಿ ಮಾವೋರಿಗಳ ‘ಹೌ’ ಎಂಬ ತತ್ತ್ವವನ್ನು ಚರ್ಚಿಸಿದರು. ಕೊಟ್ಟ ವಸ್ತುವಿನೊಳಗೊಂದು ಚೇತನವಿದ್ದು, ಅದು ಮೂಲದ ಕಡೆಗೆ ಮರಳಲು ಹಂಬಲಿಸುತ್ತದಂತೆ. ಪಾತ್ರೆ ಅಂಗಡಿಯಲ್ಲಿ ಯಂತ್ರ ಹಿಡಿದು ಸ್ಟೀಲಿನ ಮೇಲೆ ಹೆಸರು ಕೊರೆಯುವಾತನನ್ನು ಮೋಸ್ ಕಂಡಿದ್ದರೆ ಚೇತನದವರೆಗೆ ಹೋಗಬೇಕಿರಲಿಲ್ಲ: ಡಬ್ಬಿಯ ತಳದಲ್ಲಿ ಒಡತಿಯ ಹೆಸರು ಇನಿಷಿಯಲ್ ಸಮೇತ ಇರುತ್ತದೆ. ಆದಕಾರಣ ಚಕ್ಕುಲಿ ಕಳಿಸುವವರು ವಾಸ್ತವದಲ್ಲಿ ಕಳಿಸುವುದು ಚಕ್ಕುಲಿ ತುಂಬಿದ ಸಾಲಪತ್ರವನ್ನು. ಮದುವೆಮನೆಯಲ್ಲಿ ಮುಯ್ಯಿ ಬರೆದುಕೊಳ್ಳಲು ನೋಟುಪುಸ್ತಕ ಬೇಕು, ನಂಬಿಕಸ್ಥ ಷಡ್ಡಕನೊಬ್ಬ ಬೇಕು. ಡಬ್ಬಿಗೆ ಇವೆರಡೂ ಬೇಡ.

ಇಲ್ಲಿ ಪೂರ್ವಪಕ್ಷದವರು ಸಂಕ್ರಾಂತಿಯನ್ನು ಎತ್ತುತ್ತಾರೆ. ಎಳ್ಳು, ಬೆಲ್ಲ, ಕೊಬ್ಬರಿ, ಕಡಲೆಬೀಜ, ಹುರಿಗಡಲೆ ಎಲ್ಲವೂ ಎದುರುಮನೆಯಲ್ಲೂ ಇವೆ. ಬೀರಿದಷ್ಟೇ ಪೊಟ್ಟಣ ತಿರುಗಿ ಬಂದರೆ ನಿವ್ವಳ ಲಾಭ ಸೊನ್ನೆಯಲ್ಲವೇ? ಸೊನ್ನೆಯೇ. ಆದರೆ ವಾಲ್ಡ್‌ಫೋಗೆಲ್ ಲೆಕ್ಕದಲ್ಲಿ ಬಂದದ್ದು ನಷ್ಟ ಎಂಬುದನ್ನು ಮರೆಯಬಾರದು. ಮೇಲಾಗಿ ಯಾರು ಕೊಬ್ಬರಿಯನ್ನು ದಪ್ಪ ಹೆಚ್ಚಿದ್ದಾರೆ, ಯಾರು ಎಳ್ಳು ಉಳಿಸಲು ಹುರಿಗಡಲೆ ಸುರಿದಿದ್ದಾರೆ ಎಂಬ ಜ್ಞಾನ ಬಿಟ್ಟಿಯಾಗಿ ಲಭಿಸುತ್ತದೆ. ಅಂಗಡಿಯ ಮೈಸೂರುಪಾಕು ಇನ್ನೂ ರುಚಿಯಲ್ಲವೇ ಎಂಬ ಆಕ್ಷೇಪ ಸತ್ಯ, ಆದ್ದರಿಂದಲೇ ಅದು ಅನರ್ಹ. ಮನೆಯ ಪಾಕ ಏರಿ ಕಲ್ಲಾದಾಗ ಬಂಧುವರ್ಗಕ್ಕೆ ಆರು ತಿಂಗಳ ಮಾತು ಸಿಗುತ್ತದೆ. ಅಂಗಡಿಯದು ಬಾಯಲ್ಲಿ ಕರಗಿ ಸುಮ್ಮನಾಗುತ್ತದೆ. ಸಕ್ಕರೆ ಕಾಯಿಲೆಯವರಿಗೆ ಚಟ್ನಿಪುಡಿಯೆಂಬ ಪರಿಹಾರ ಉಂಟು, ವಿಸ್ತರಿಸುವುದಿಲ್ಲ. ಗಟ್ಟಿ ಆಕ್ಷೇಪ ಬರುವುದು ಮಲೆನಾಡಿನಿಂದ. ಭೌಗೋಳಿಕ ಸೂಚಿಕೆ ಪಡೆದ ಅಪ್ಪೆಮಿಡಿ ಉಪ್ಪಿನಲ್ಲಿ ಕೂತು, ನೀರೆಲ್ಲ ಬಿಟ್ಟು ಮುರುಟಿ, ಆಮೇಲೆ ಸಾಸಿವೆ ಮೆಣಸಿನ ಖಾರದೊಳಗೆ ಸೇರಿದರೆ ವರ್ಷ ಕಳೆದರೂ ಕೆಡದು. ಹಾಗಾದರೆ ಡಬ್ಬಿ ಮರಳುವುದೆಂದು? ಸಮಾಧಾನ: ಕೆಡದಿರುವುದು ಬೇರೆ, ಉಳಿಯುವುದು ಬೇರೆ. ಮೊದಲನೆಯದು ಉಪ್ಪಿನ ಧರ್ಮ. ಎರಡನೆಯದನ್ನು ಮೊಸರನ್ನ ತೀರ್ಮಾನಿಸುತ್ತದೆ.

ಈ ಶಾಸ್ತ್ರಕ್ಕೆ ನಿಜವಾದ ಕುತ್ತು ಬಂದಿರುವುದು ಹೋಟೆಲ್ ಪಾರ್ಸೆಲ್ಲಿನ ಪ್ಲಾಸ್ಟಿಕ್ ಡಬ್ಬಿಯಿಂದ. ಅದರ ತಳದಲ್ಲಿ ಯಾರ ಹೆಸರೂ ಇಲ್ಲ. ‘ಡಬ್ಬಿ ವಾಪಸ್ ಬೇಡ’ ಎಂಬ ಮಾತಿನೊಂದಿಗೇ ಬರುತ್ತದೆ. ಲೋಕರೂಢಿಯಲ್ಲಿ ಇದು ಔದಾರ್ಯ, ಶಾಸ್ತ್ರದೃಷ್ಟಿಯಲ್ಲಿ ಸಂಬಂಧವಿಚ್ಛೇದ. ಇನ್ನು ಡಬ್ಬಿ ಬಂದು ಮುಚ್ಚಳ ಬಾರದಿದ್ದರೆ ಋಣ ತೀರಿತೇ ಎಂಬಲ್ಲಿ ಎರಡು ಮತಗಳಿವೆ. ಮುಚ್ಚಳ ಡಬ್ಬಿಯ ಅಂಗವೇ ಹೊರತು ಸ್ವತಂತ್ರ ಪದಾರ್ಥವಲ್ಲ, ಆದ್ದರಿಂದ ಋಣವಿಡೀ ಬಾಕಿ ಎಂಬುದು ಕೊಟ್ಟವರ ಮತ. ಹೆಸರು ಕೊರೆದಿರುವುದು ತಳಕ್ಕೆ ಮಾತ್ರ, ಮುಚ್ಚಳ ಮೊದಲಿಂದಲೂ ನಮ್ಮದೇ ಎಂಬುದು ಇಸಿದುಕೊಂಡವರ ಮತ.